ಸೂರ್ಯನ ಗಾಳಿಗೆ ಒಂದು ಕುಡಗೋಲು

ಸೇಡಂ ದವಾಖಾನೆಯ ಕಟ್ಟೆಯ ಮೇಲಿಂದ

ನಮ್ಮ ಮನೆತನದ ಹೆಮ್ಮೆ, ಅಣ್ಣನ ಮಗಳು ಲುಂಬಿನಿಗೆ ಲಾಲಪ್ಪ ಕಾಕಾನ ಜೈಭೀಮ.

ಫೋನ್ ಮಾಡಬಹುದಿತ್ತು. ಆದರೆ ಫೋನು ನಿನ್ನ ಕಾಕಿ ಪೀರಮ್ಮನ ಕೈಯಲ್ಲಿದೆ, ಕಾಕಿ ನನ್ನ ಪಕ್ಕದಲ್ಲಿದ್ದಾಳೆ, ನಾನು ಹೇಳಬೇಕಾದದ್ದು ಅವಳ ಕಿವಿಗೆ ಬೀಳಬಾರದು. ಅದಕ್ಕೇ ಔಷಧಿ ಚೀಟಿಯ ಬೆನ್ನಿಗೆ ಬರೆಯುತ್ತಿದ್ದೇನೆ. ನಮ್ಮೂರ ಆಶಾ ಕಾರ್ಯಕರ್ತೆ ರತ್ನಾಬಾಯಿ ಫೋಟೊ ತೆಗೆದು ನಿನಗೆ ಕಳಿಸುತ್ತಾಳೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನ ಅಕ್ಷರ ಇದು ಅಂದರೆ ನಿಮ್ಮ ವಿಜ್ಞಾನಿಗಳು ನಂಬಲಿಕ್ಕಿಲ್ಲ, ಅಷ್ಟು ದುಂಡಗಿದೆ. ಇವತ್ತು ಮಾತ್ರ ಕೂತಲ್ಲಿ ಕೂಡಲಾಗುತ್ತಿಲ್ಲ. ಎರಡು ಸಾಲು ಬರೆಯುವುದು, ಎದ್ದು ಹೋಗಿ ಬಾಗಿಲಲ್ಲಿ ಇಣುಕುವುದು, ನರ್ಸ್ ಬೈದಳೆಂದು ಮತ್ತೆ ಬಂದು ಕೂಡುವುದು. ಒಳಗೆ ನನ್ನ ಮಗಳು ಪೂನಮ್ ಇದ್ದಾಳೆ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು.

ತಪ್ಪು ನಿನ್ನದೇ, ಮೊದಲೇ ಹೇಳಿಬಿಡುತ್ತೇನೆ. ಕಳೆದ ಸಲ ಊರಿಗೆ ಬಂದಾಗ ಅಂಗಳದ ಫರ್ಸಿ ಕಲ್ಲಿನ ಮೇಲೆ ಸುಣ್ಣದಿಂದ ಭೂಮಿ, ಸೂರ್ಯ ಬರೆದು ನಿನ್ನ ನೌಕರಿ ಏನೆಂದು ತಿಳಿಸಿದವಳು ನೀನೇ. ನಮ್ಮ ತಲೆಯ ಮೇಲೆ ನೂರು ಕಿಲೋಮೀಟರ್ ಎತ್ತರದಲ್ಲಿ ಹಗಲೆಲ್ಲ ಕರೆಂಟು ಹರಿಯುತ್ತದೆ, ಸೂರ್ಯನ ಕಡೆಯಿಂದ ಗಾಳಿ ಜೋರಾದ ದಿನ ಅದು ತಾಳ ತಪ್ಪುತ್ತದೆ, ಆಗ ಭೂಮಿಯ ಕಾಂತಶಕ್ತಿ ಅಳೆಯುವ, ತಿರುನೆಲ್ವೇಲಿ ಕಡೆಯ ನಿಮ್ಮ ಯಂತ್ರದ ಗೆರೆ ಹುಚ್ಚೆದ್ದು ಕುಣಿಯುತ್ತದೆ ಅಂತ ನೀನಂದೆ. “ನಮ್ಮೂರಾಗ ಮಧ್ಯಾಹ್ನ ಕರೆಂಟ್ ಇರಂಗಿಲ್ಲ, ಮ್ಯಾಲ ಖಾಲಿಪೀಲಿ ಹರೀಲಿಕತ್ತದೇನು? ಒಂದು ವೈರ್ ಎಳಿ ಮಗಳೇ” ಅಂತ ನಾನಂದಿದ್ದಕ್ಕೆ ನೀನು ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದೆ.

ಅಂಥ ಮಾತು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಗಂಡಸು ನಾನಲ್ಲ. ಅಬ್ದುಲ್ ಗನಿಯ ಚಹಾ ಹೋಟೆಲಿನಲ್ಲಿ ಕೂತು, “ನಮ್ಮ ಲುಂಬಿನಿ ಸೂರ್ಯನ ಗಾಳಿ ಹಿಡಿತಾಳ. ಯಾವಾಗ ಬರ್ತದ, ಯಾವಾಗ ಹೋಗ್ತದ, ಮೊದಲು ನನಗೇ ತಿಳಸ್ತಾಳ” ಅಂದೆ. ಈ ವಾರ ಟಿವಿಯಲ್ಲೂ ಸೂರ್ಯನ ಬಿರುಗಾಳಿ ಅಂತ ಬಂತು ನೋಡು, ನನ್ನ ಎದೆ ಎರಡು ಗೇಣು ಉಬ್ಬಿತು. “ಈ ಸರ್ತಿ ಭಾಳ ಜಬರ್ದಸ್ತ್ ಗಾಳಿ ಅದ” ಅಂದೆ. “ಲಾಲಪ್ಪ ಭಾಯಿ, ಹಂಗಾರ ನಮ್ಮ ಛಪ್ಪರ ಹಾರ್ತದೇನು?” ಅಂತ ಗನಿ ಕೇಳಿದ. “ಛಪ್ಪರ ಬಿಡು, ಮನಷಾನೇ ಹಾರ್ತಾನ” ಅಂದುಬಿಟ್ಟೆ.

ನಮ್ಮ ಕಡೆ ಬಸುರಿ, ಬಾಣಂತಿಯ ಮುಂದೆ ಗಾಳಿ ಅಂದರೆ ಬೀಸುವ ಗಾಳಿಯಲ್ಲ, ಸೋಕುವ ಗಾಳಿ. ಅದು ನಿನಗೂ ಗೊತ್ತು. ನಾನು ಮನೆಗೆ ಬರುವುದರೊಳಗೆ ನನ್ನ ಮಾತು ನನಗಿಂತ ಮೊದಲು ಮನೆ ಮುಟ್ಟಿತ್ತು. ಪೀರಮ್ಮ ಕಿಟಕಿಗೆ ಕೌದಿ ಕಟ್ಟಿ ಪೂನಮ್‌ಳನ್ನು ಒಳಕೋಣೆಯಲ್ಲಿ ಕೂಡಿಸಿದ್ದಳು. ಬುದ್ಧ ವಿಹಾರದಲ್ಲಿ ಕೂತು ದೆವ್ವ ಗಾಳಿ ಎಲ್ಲ ಸುಳ್ಳು ಅಂತ ಊರಿಗೇ ಬುದ್ಧಿ ಹೇಳುವ ಹೆಂಗಸು!

ಇವತ್ತು ಮುಂಜಾನೆ ರತ್ನಾಬಾಯಿ ಬಂದು ಪೂನಮ್‌ಳ ಬಾತ ಕಾಲು ನೋಡಿದಳು, ಬಿಪಿ ನೋಡಿದಳು. “ಭಾಳ ಏರ್ಯಾದ. ಈಗಿಂದೀಗ ದವಾಖಾನಿಗಿ ನಡೀರಿ” ಅಂದು ಜೀಪು ತರಿಸಿದಳು. ಪೀರಮ್ಮ ಹೊಸ್ತಿಲಿಗೆ ಅಡ್ಡ ನಿಂತಳು. “ಅದು ಆ ಗಾಳಿ ಅಲ್ಲ, ಬರೇ ಹೆಸರು” ಅಂದೆ. “ಮತ್ತ ನೀನೇ ಊರ ತುಂಬ ಡಂಗುರ ಹೊಡದಿ? ನಿಂದು ಯಾವ ಮಾತು ಖರೆ?” ಅಂದಳು. ಪೂನಮ್ ಗೋಡೆಗೆ ಒರಗಿ, ಕಣ್ಣು ಮಂಜಾಗ್ಲಿಕತ್ತಾವ ಯವ್ವಾ ಅಂತಿದ್ದಳು.

ಆಗ ನೀನು ಅಂದದ್ದು ನೆನಪಾಯಿತು, ನಿಮ್ಮ ಯಂತ್ರದ ಹತ್ತಿರ ಕಬ್ಬಿಣ ಒಯ್ಯುವುದಿಲ್ಲ, ಕೀಲಿಕೈ ಸಹ ಹೊರಗಿಡುತ್ತೀರಿ ಅಂತ. “ಲುಂಬಿನಿ ಆಫೀಸಿನಾಗ ಕಬ್ಬಿಣ ಹೊರಗ ಯಾಕ ಇಡ್ತಾರ ಹೇಳು? ಕಬ್ಬಿಣ ಕಂಡ್ರ ಸೂರ್ಯನ ಗಾಳಿ ಓಡಿ ಹೋಗ್ತದ, ಅವ್ರಿಗಿ ಅಳೀಲಿಕ್ಕಿ ಸಿಗಂಗಿಲ್ಲ!” ಅಂದೆ. ಬಾಣಂತಿಯ ತಲೆದಿಂಬಿನ ಕೆಳಗೆ ಕಬ್ಬಿಣ ಇಡುವ ಊರಲ್ಲಿ ಈ ಮಾತಿಗೆ ಸಾಕ್ಷಿ ಬೇಕೇನು? ಪೀರಮ್ಮ ಕುಡಗೋಲು ತಂದು ಮಗಳ ಕೈಗೆ ಕೊಟ್ಟಳು. ನಿನ್ನ ವಿದ್ಯೆಗೆ ಮಸಿ ಬಳಿದೆ, ಒಪ್ಪಿದೆ. ಜೀಪಂತೂ ಹೊರಟಿತು.

“ಹೆರಿಗಿಗಿ ಬಂದೀರೋ, ಜ್ವಾಳದ ಕಣಕಿ ಕೊಯ್ಲಿಕ್ಕಿ ಬಂದೀರೋ?” ಅಂತ ಕುಡಗೋಲು ನೋಡಿ ಡಾಕ್ಟರಮ್ಮ ನಕ್ಕಳು. ಬಿಪಿ ನೋಡಿದ ಮೇಲೆ ನಗಲಿಲ್ಲ. “ಜರಾ ತಡ ಆಗಿದ್ರ ಫಿಟ್ಸ್ ಬರ್ತಿತ್ತು. ಕಾಲು ಬಾಯೋದು, ಕಣ್ಣು ಮಂಜಾಗೋದು, ಎಲ್ಲಾ ಇದರದೇ. ಇಬ್ಬರ ಜೀವಕ್ಕೂ ಧೋಕಾ ಅದ, ಇಲ್ಲೇ ಇರ್ಲಿ” ಅಂದಳು.

ಪೀರಮ್ಮ ಹೊರಗೆ ಬಂದು ಈ ಕಟ್ಟೆಯ ಮೇಲೆ ಕುಸಿದಳು. ತನ್ನ ಪಾದ ಸವರಿಕೊಂಡು, “ನನ್ನ ಕಾಲೂ ಹಿಂಗೇ ಬಾತಿದ್ವಲ್ಲ” ಅಂದಳು.

ನೀನಿನ್ನೂ ಹುಟ್ಟಿರಲಿಲ್ಲ ಲುಂಬಿನಿ. ಪೂನಮ್‌ಗಿಂತ ಮೊದಲು ನಮಗೊಂದು ಕೂಸು ಹೊಟ್ಟೆಯಲ್ಲೇ ಹೋಯಿತು. ಎಳ್ಳ ಅಮಾವಾಸ್ಯೆಯ ಮರುದಿನ ಬಸುರಿ ಪೀರಮ್ಮ ಒಬ್ಬಳೇ ತೊಗರಿ ಹೊಲಕ್ಕೆ ಹೋಗಿದ್ದಳು, ಗಾಳಿ ಸೋಕಿತು ಅಂತ ಊರೆಲ್ಲ ಅಂದಿತು. ಎಲ್ಲರೂ ಮರೆತರು, ಇವಳು ಮರೆಯಲಿಲ್ಲ. ಇವತ್ತಿಗೂ ಆ ಹೊಲದ ಬದುವಿಗೆ ಕಾಲಿಡುವುದಿಲ್ಲ. ತಾನು ಹೋದದ್ದಕ್ಕೇ ಕೂಸು ಹೋಯಿತು ಅಂತ ಇಷ್ಟು ವರ್ಷ ಒಳಗೇ ಬೇಯುತ್ತಿದ್ದಳು ಅನ್ನುವುದು ನನಗೆ ಈ ಕಟ್ಟೆಯ ಮೇಲೆ ತಿಳಿಯಿತು.

ಕಬ್ಬಿಣದ ಮಾತು ಸುಳ್ಳು ಅಂತ ಹೇಳಿಬಿಟ್ಟೆ. “ಸೂರ್ಯನ ಗಾಳಿಕಿಂತ ನಿನ್ನ ಬಾಯಿ ಗಾಳಿನೇ ಭಾಳ ಕೆಟ್ಟದ್ದು” ಅಂದಳು. ಆಮೇಲೆ ಸಣ್ಣ ದನಿಯಲ್ಲಿ, “ಲುಂಬಿನಿಗಿ ಕೇಳ್ತೀನಿ. ಆಕಿ ಆಫೀಸಿನಾಗ ಹಳೇ ದಿನದ್ದೂ ಲೆಕ್ಕ ಇರ್ತದಂತ. ಆ ವರ್ಷ ಎಳ್ಳಮಾಸಿ ಮರುದಿನ ಗಾಳಿ ಇತ್ತೋ ಇಲ್ಲೋ ನೋಡಿ ಹೇಳ್ಲಿ” ಅಂದಳು. ಕನ್ನಡಕ ಮರೆತು ಬಂದಿದ್ದಾಳೆ, ಫೋನು ಕಣ್ಣಿಗೆ ಹಿಡಿದು ನಿನ್ನ ನಂಬರು ಹುಡುಕುತ್ತಿದ್ದಾಳೆ. ಅದು ಸಿಗುವುದರೊಳಗೆ ಈ ಚೀಟಿ ನಿನಗೆ ಮುಟ್ಟಬೇಕು.

ಸುಳ್ಳು ಹೇಳು ಅನ್ನುವುದಿಲ್ಲ, ಮನೆಗೆ ನಾನೊಬ್ಬ ಸಾಕು. ಆ ದಿನ ಗಾಳಿ ಇತ್ತು ಅಂತ ಕಂಡರೆ ಇತ್ತು ಅನ್ನು. ಆದರೆ “ಕಾಕಿ, ಅದು ಹೊಲಕ್ಕೆ ಇಳಿಯಲಿಲ್ಲ, ನಿನ್ನ ಮೈ ಮುಟ್ಟಲಿಲ್ಲ, ನೀನು ಹೊಲಕ್ಕೆ ಹೋದದ್ದಕ್ಕೆ ಕೂಸು ಹೋಗಲಿಲ್ಲ” ಅಂತ ಹೇಳು. ಎರಡೆರಡು ಸಲ ಹೇಳು. ಇದೇ ಮಾತು ನಾನೂ ಈಗ ಹೇಳಿ ನೋಡಿದೆ. ನನ್ನ ಮುಖ ನೋಡಿ ಆಕಡೆ ತಿರುಗಿದಳು. ಊರಿಗೆಲ್ಲ ಮಾತು ಮಾರಿದವನ ಹತ್ತಿರ ಹೆಂಡತಿಗೆ ಕೊಡಲು ಒಂದು ಮಾತೂ ಉಳಿದಿಲ್ಲ.

ಒಳಗಿಂದ ಪೂನಮ್‌ಳ ಹೆಸರು ಕೂಗಿದರು. ಓಡುತ್ತೇನೆ. ಬುದ್ಧನ ಕರುಣೆ ನಿನ್ನ ಮೇಲಿರಲಿ ಮಗಳೇ, ಒಳಗಿರುವ ಇಬ್ಬರ ಮೇಲೂ ಇರಲಿ. ಫೋನು ಬಂದರೆ ಎತ್ತು.

ನಿನ್ನ ಕಾಕಾ,
ಲಾಲಪ್ಪ