ಕಿಂಡಿಯಲ್ಲಿ ಚಾಚಿದ ಕೈ

ಅಯೋವಾ
ನವೆಂಬರ್, ಶುಕ್ರವಾರ

ಪ್ರೀತಿಯ ಮಗಳು ಕೊರಿನ್‌ಗೆ, ಅಮ್ಮನ ಮುತ್ತುಗಳು.

ಈ ಕಥೆಯನ್ನು ಮೊದಲು ಹೇಳಿದವಳು ನಾನಲ್ಲ, ಮೃಗಾಲಯದಲ್ಲಿ ನಿನ್ನ ಜೊತೆ ಕೆಲಸಕ್ಕಿದ್ದ ಡೆಲ್. ಹೇಳಿದ್ದು ನಿನ್ನೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ, ಟರ್ಕಿ ಕೋಳಿ ಮುಗಿದು ಕುಂಬಳದ ಪೈ ಬಡಿಸುವ ಹೊತ್ತಿಗೆ. ಕೇಳಿದವರು ನಾನು ಮತ್ತು ನಿನ್ನ ಲೋಯಿಸ್ ಚಿಕ್ಕಮ್ಮ. ಅವನನ್ನು ನಿನ್ನ ಕುರ್ಚಿಯಲ್ಲಿ ಕೂರಿಸಿದ್ದೆ, ಬೇಜಾರು ಮಾಡಿಕೊಳ್ಳಬೇಡ.

"ನಿಮ್ಮ ಕೋತಿ ಮೆಲಾಟಿ ಹೇಗಿದ್ದಾಳಪ್ಪ?" ಎಂದು ಚಿಕ್ಕಮ್ಮ ಶುರು ಮಾಡಿದಳು.

"ಅಯ್ಯೋ ತಾಯಿ, ಒರಾಂಗುಟಾನ್‌ನ ಕೋತಿ ಅಂದ್ರೆ ನಿಮ್ಮ ಪಾಲಿನ ಪೈ ನಾನೇ ತಿಂದ್ಬಿಡ್ತೀನಿ ನೋಡಿ" ಎಂದು ಡೆಲ್ ನಗಿಸಿದ. ಆಮೇಲೆ ಚಮಚ ಕೆಳಗಿಟ್ಟ.

ನೀನು ಮೆಲಾಟಿಗೆ ಕಲಿಸಿದ ಆಟ ನನಗೆ ಗೊತ್ತೇ ಇತ್ತು. ಅವಳು ತನಗಿಷ್ಟವಾದ ಚೆಂಡನ್ನೋ ಬಟ್ಟೆಯನ್ನೋ ಜಾಲರಿಯ ಕಿಂಡಿಯಿಂದ ನಿನ್ನ ಕೈಗೆ ಕೊಡಬೇಕು. ನೀನು ಒಯ್ದು, ಕಾಯಿಸಿ, ತಪ್ಪದೆ ತಂದುಕೊಡಬೇಕು. ಪ್ರಾಣಿ ಎಷ್ಟು ಹೊತ್ತು ನಂಬಿ ಕಾಯುತ್ತದೆ ಎಂಬುದೇ ನಿನ್ನ ಅಧ್ಯಯನ. ಎರಡೂ ಖಾಲಿ ಅಂಗೈ ತೋರಿಸಿದರೆ ಆಟ ಮುಗಿಯಿತೆಂದು ಅವಳು ಎದ್ದು ಹೋಗುತ್ತಾಳೆ ಎಂದು ನೀನೇ ಹೇಳಿದ್ದೆ. ನನ್ನ ಅಡುಗೆಮನೆಯ ಸೌಟಿನಲ್ಲಿ ಆ ಆಟ ಆಡಿ ನನ್ನನ್ನೂ ಕಾಯಿಸಿದ್ದೆಯಲ್ಲ!

ಗೊತ್ತಿರದಿದ್ದುದು ಮಾರ್ಚ್ ತಿಂಗಳ ಮಾತು. ಮೆಲಾಟಿಯ ಮರಿ ಸತ್ತಿತೆಂದಷ್ಟೇ ನೀನು ಹೇಳಿದ್ದೆ. ಮೆಲಾಟಿ ಸತ್ತ ಮರಿಯನ್ನು ಎದೆಗವಚಿಕೊಂಡೇ ತಿರುಗಿದಳಂತೆ. ಮಾವಿನಹಣ್ಣು ತೋರಿಸಿದರೂ ಬಿಡಲಿಲ್ಲವಂತೆ. ಕೊನೆಗೆ ನೀನು ಹೋಗಿ, ಆಟದಲ್ಲಿ ಚಾಚುವಂತೆ ಕೈ ಚಾಚಿದೆಯಂತೆ. ಅವಳು ಮರಿಯ ಕೂದಲು ನೇವರಿಸಿ, ನಿನ್ನ ಮುಖ ನೋಡಿ, ಕೊಟ್ಟುಬಿಟ್ಟಳಂತೆ. ನೀನು ಅದನ್ನು ವೈದ್ಯರಿಗೆ ಒಪ್ಪಿಸಿ ಹಿಂಬಾಗಿಲಿನಿಂದ ಹೊರಟವಳು, ಕೆಲಸವನ್ನೂ ಬಿಟ್ಟು, ದೂರದ ಆರೆಗಾನ್ ರಾಜ್ಯ ಸೇರುವವರೆಗೆ ನಿಲ್ಲಲಿಲ್ಲ.

"ಅಂಗೈ ತೋರಿಸದೇ ಹೋದಳು ರೀ ವರ್ನಾ" ಎಂದ ಡೆಲ್ ನನ್ನ ಕಡೆ ತಿರುಗಿ. "ಮೆಲಾಟಿ ಪಾಲಿಗೆ ಆಟ ಮುಗಿದೇ ಇಲ್ಲ. ದಿನಾ ಬೆಳಿಗ್ಗೆ ಕಿಂಡೀಲಿ ಕೈ ಚಾಚಿ ಕೂರ್ತಾಳೆ. ನಾನೂ ನನ್ನ ಅಂಗೈ ತೋರಿಸ್ದೆ. ನನ್ನ ದಾಟಿ ಬಾಗಿಲ ಕಡೆ ನೋಡಿದ್ಲು. ಇಸ್ಕೊಂಡೋನು ನಾನಲ್ವಲ್ಲ!"

"ಕೊರಿನ್‌ಗೆ ಹೇಳ್ಬಾರದೇನೋ?" ಎಂದಳು ಚಿಕ್ಕಮ್ಮ.

"ಫೋನ್ ಎತ್ತಿದ್ರೆ ತಾನೇ? ಮೆಲಾಟಿ ಅರ್ಧ ಇಳಿದು ಹೋಗಿದ್ದಾಳೆ. ಈ ಚಳಿ ದಾಟ್ತಾಳೋ ಇಲ್ವೋ."

ಪೈ ಯಾರೂ ಮುಟ್ಟಲಿಲ್ಲ.

ನಿನ್ನನ್ನು ಬೈಯಲು ಬರೆಯುತ್ತಿಲ್ಲ ಮಗಳೇ. ಕೊಳೆಯುವ ಮರಿಯನ್ನು ಅವಳ ಕೈಯಲ್ಲಿ ಬಿಡಲು ಆಗುತ್ತಿರಲಿಲ್ಲ, ಅದು ನನಗೂ ತಿಳಿಯುತ್ತದೆ. ಆದರೆ ಅವಳು ಕಾಯುತ್ತಿರುವುದು ಮರಿಗಾಗಿ ಮಾತ್ರವಲ್ಲ, ನಿನಗಾಗಿಯೂ ಎಂದು ನನಗೆ ಅನಿಸುತ್ತದೆ. ಒಮ್ಮೆ ಬಾ. ಅವಳೆದುರು ಕೂತು ನಿನ್ನ ಅಂಗೈ ತೋರಿಸು. ಅಳು ಬಂದರೆ ಅಲ್ಲೇ ಅಳು.

ಇವತ್ತು ಬೆಳಿಗ್ಗೆ ನಾನೂ ಚಿಕ್ಕಮ್ಮನೂ ಮೃಗಾಲಯಕ್ಕೆ ಹೋದೆವು. ಕೋತಿ ಕೋತಿ ಎನ್ನುತ್ತಿದ್ದ ಚಿಕ್ಕಮ್ಮ ಮೆಲಾಟಿಯ ಕೋಣೆಯ ಗಾಜಿನ ಮುಂದೆ ನಿಂತು, ಉಣ್ಣೆಯ ಕೈಗವಸು ಬಿಚ್ಚಿ, ಎರಡೂ ಅಂಗೈ ಗಾಜಿಗೆ ಒತ್ತಿ, "ಇಲ್ಲ ಕಣಮ್ಮಾ, ಇಲ್ಲ" ಎಂದಳು. ಮೆಲಾಟಿ ಅವಳನ್ನು ನೋಡಿದಳು. ಮತ್ತೆ ಬಾಗಿಲಿನ ಕಡೆ ತಿರುಗಿದಳು.

ನಿನ್ನ ದಾರಿ ನೋಡುತ್ತಿರುವ,
ಅಮ್ಮ

ಮರೆತಿದ್ದು: ನಿನಗೆ ಯಾವತ್ತೂ ಹೇಳಿಲ್ಲ. ನಿನಗಿಂತ ಮುಂಚೆ ನನಗೊಂದು ಗಂಡು ಮಗು ಹುಟ್ಟಿತ್ತು. ಉಸಿರಿರಲಿಲ್ಲ. "ಕೊಡಮ್ಮಾ, ಸ್ನಾನ ಮಾಡಿಸಿ ತರ್ತೀನಿ" ಎಂದು ನರ್ಸ್ ಒಬ್ಬಳು ಈಸಿಕೊಂಡು ಹೋದಳು. ತಿರುಗಿ ಬರಲಿಲ್ಲ. ಯಾವ ಆಸ್ಪತ್ರೆಗೆ ಹೋದರೂ ನಾನಿನ್ನೂ ಬಾಗಿಲು ನೋಡುತ್ತೇನೆ. ಬರಿಗೈಯಲ್ಲಾದರೂ ಅವಳು ಬಂದಿದ್ದರೆ ಸಾಕಿತ್ತು.