ಮೊಣಕಾಲೆತ್ತರದ ನೀರಗೆರೆ

ಮಂಗಳ ಗ್ರಹ, ಕರಿಕೊಳವೆ ಊರು
ಕೆಂಪು ವರ್ಷ ೧೧೮, ಆರನೆಯ ತಿಂಗಳ ನಲವತ್ತೊಂಬತ್ತನೆಯ ದಿನ

ನನ್ನ ಮೊಮ್ಮಗಳ ಮೊಮ್ಮಗಳಿಗೆ ಹುಲಿಗೆವ್ವನ ಆಶೀರ್ವಾದ.

ನಿನ್ನ ಹೆಸರು ನನಗೆ ಗೊತ್ತಿಲ್ಲ. ನನ್ನ ಮಾತು ನಿನಗೆ ತಿಳಿಯುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ. ನಮ್ಮ ಹಿರಿಯರು ಭೂಮಿಯಲ್ಲಿ ಇಳಕಲ್ ಕಡೆ ಕಲ್ಲು ಕಡಿಯುತ್ತಿದ್ದವರು. ಆ ಕೆಲಸದ ಜೊತೆ ಆ ಮಾತನ್ನೂ ಇಲ್ಲಿಗೆ ತಂದರು. ಒರಟಾಗಿ ಕೇಳಿಸಿದರೆ ಕ್ಷಮಿಸು. ಈ ಪತ್ರವನ್ನು ಭೂಮಿಯ ಲೆಕ್ಕದ ನೂರು ವರ್ಷ ಮುಚ್ಚಿಟ್ಟು ನಿನಗೆ ಕೊಡಲೆಂದು ಬರೆಯುತ್ತಿದ್ದೇನೆ. ಅಷ್ಟು ಹೊತ್ತಿಗೆ ನನ್ನ ಮುಖ ಬಲ್ಲವರು, ಎದುರು ನಿಂತು ಬೈಯುವವರು ಯಾರೂ ಇರುವುದಿಲ್ಲ.

ಕರಿಕೊಳವೆ ಎಂದರೆ ಹಿಂದೊಮ್ಮೆ ಲಾವಾ ಹರಿದು ಖಾಲಿಯಾದ ಸುರಂಗ. ಅದರೊಳಗೇ ನಮ್ಮ ಮನೆ, ಅಡುಗೆ, ಅವರೆಯ ಮಡಿ. ಕುಡಿಯುವುದು ತಿರುಗುನೀರು: ನಮ್ಮದೇ ಬೆವರು, ಉಸಿರು, ಉಚ್ಚೆ ಸೋಸಿಕೊಂಡು ಮತ್ತೆ ಲೋಟಕ್ಕೆ ಬರುವ ನೀರು. ಸೋಸಿದಾಗಲೆಲ್ಲ ಒಂದಿಷ್ಟು ಕಳೆದುಹೋಗುತ್ತದೆ. ನಾನು ಮದುವೆಯಾದಾಗ ಒಬ್ಬರಿಗೆ ದಿನಕ್ಕೆ ಹನ್ನೆರಡು ಲೋಟ ಸಿಗುತ್ತಿತ್ತು, ಈಗ ಐದು. ಮುಖ ತೊಳೆಯುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಅದನ್ನೇ ಮಡಿಗೆ ಹಿಂಡುತ್ತೇವೆ. ರೊಟ್ಟಿ ತಟ್ಟುವಾಗ ಹಿಟ್ಟು ಅಂಟಿದರೂ ಕೈ ಅದ್ದಿಕೊಳ್ಳುವಂತಿಲ್ಲ.

ಊರಿನ ಕೊನೆಯಲ್ಲಿ ಒಂದು ಗೋಡೆಯಿದೆ. ಲಾವಾ ಆರುವಾಗ ಗುಳ್ಳೆಯೆದ್ದು ಆ ಕರಿಕಲ್ಲಿನ ತುಂಬ ತೂತುಗಳಾಗಿವೆ. ಮನುಷ್ಯರೇ ಇಲ್ಲದ ಕಾಲದಲ್ಲಿ ಆ ಕಲ್ಲಿನೊಳಗೆ ನೀರು ನಿಂತಿತ್ತು. ನಿಂತ ಎತ್ತರದವರೆಗೆ ತೂತುಗಳಲ್ಲಿ ಬಿಳಿ ಖನಿಜ ತುಂಬಿಕೊಂಡಿದೆ, ಮೇಲಿನವು ಖಾಲಿ. ಬಿಳಿ ಮುಗಿಯುವ ಆ ಅಂಚಿಗೆ ನೀರಗೆರೆ ಎನ್ನುತ್ತೇವೆ. ಗೆರೆ ಯಾವ ಕಡೆ ತಗ್ಗುತ್ತದೋ ಆ ಕಡೆಗೇ ನೀರು ಇಳಿದುಹೋಗಿ ಆಳದಲ್ಲಿ ಹೆಪ್ಪುಗಟ್ಟಿರಬೇಕು ಎಂಬುದು ಕಲ್ಲು ಓದುವ ಬಸಲಿಂಗವ್ವನ ಲೆಕ್ಕ.

ಆ ಖನಿಜವನ್ನು ಕಾಯಿಸಿದರೆ ಒಳಗೆ ಸೆರೆಯಾದ ನೀರು ಹನಿಯಾಗಿ ಹೊರಬರುತ್ತದೆ. ಹೆಸರಿಡುವ ದಿನ ಕೂಸಿನ ತುಟಿಗೆ ಈ ಕಲ್ಲುಹನಿ ತಾಗಿಸುವುದು ನಮ್ಮ ಪದ್ಧತಿ. ಯಾರ ಮೈಯಿಂದಲೂ ಬರದ, ಈ ನೆಲದ್ದೇ ನೀರು ಅದು. ಅದು ತಾಗದ ಕೂಸು ಇಲ್ಲಿಗೆ ಒಗ್ಗುವುದಿಲ್ಲ ಎಂದು ನಂಬಿದ್ದೆವು. ಹೀಗೆ ಎಲ್ಲರೂ ಕೆರೆದು ಕೆರೆದು ಗೋಡೆ ಸವೆಯಿತು. ಗೆರೆಯ ಎರಡೂ ತುದಿ ಅಳೆಯುವವರೆಗೆ ಯಾರೂ ಉಳಿ ಹಚ್ಚಬಾರದೆಂದು ಬಸಲಿಂಗವ್ವ ಊರವರ ಕೈಕಾಲು ಹಿಡಿದು ಒಪ್ಪಿಸಿದಳು. ಕಾವಲಿಗೆ ನನ್ನನ್ನು ನಿಲ್ಲಿಸಿದಳು.

ಪಡುವಣ ತುದಿಯಲ್ಲಿ ಗೆರೆ ಎದೆಮಟ್ಟಕ್ಕಿತ್ತು. ಅದನ್ನು ಅಳೆದ ವಾರವೇ ನನ್ನ ಮೊಮ್ಮಗಳು ಮಲಪ್ರಭೆ ಹುಟ್ಟಿದಳು. ಇಲಿಮರಿಯಷ್ಟಿದ್ದಳು, ಹಾಲು ಹೀರಲೂ ತ್ರಾಣವಿಲ್ಲ. ನನಗೆ ತಡೆಯಲಾಗಲಿಲ್ಲ. ಅಳೆದ ತುದಿಯಲ್ಲಿ ಕೆತ್ತಿದರೆ ಗೊತ್ತಾಗುತ್ತದೆಂದು, ಎಲ್ಲರೂ ಊಟಕ್ಕೆ ಹೋದಾಗ, ಧೂಳು ಮುಚ್ಚಿ ಯಾರೂ ಇನ್ನೂ ನೋಡಿರದ ಮೂಡಣ ತುದಿಯನ್ನು ಒರೆಸಿ, ಕಲ್ಲುಹನಿಗಾಗಿ ಉಳಿ ಹಚ್ಚಿದೆ. ನೆಲವೇನೋ ಸಮ, ಆದರೆ ಅಲ್ಲಿ ಗೆರೆ ನನ್ನ ಮೊಣಕಾಲಿಗಿತ್ತು. ಮೊದಲೇ ಬಿರುಕು ಬಿಟ್ಟ ಕಲ್ಲು; ಎರಡೇ ಏಟಿಗೆ ಒಂದು ಚಪ್ಪಡಿ ಕಳಚಿ ಬಿತ್ತು. ಉಳಿದದ್ದನ್ನಾದರೂ ಹಾಗೇ ಬಿಡಬಹುದಿತ್ತು. ನಾನು ಉಳಿಯ ಗುರುತು ಕಾಣಬಾರದೆಂದು ಸುತ್ತಿಗೆ ಹಿಡಿದು ಆ ತುದಿಯನ್ನೆಲ್ಲ ಪುಡಿಮಾಡಿ, ಗೋಡೆ ಕುಸಿಯಿತು ಎಂದು ಕೂಗಿದೆ. ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತಾರಲ್ಲ, ಜನ್ಮದಲ್ಲಿ ಬೇಲಿಯನ್ನೂ ಹೊಲವನ್ನೂ ಕಾಣದ ನಾನು ಅವತ್ತು ಆ ಮಾತಿನ ಅರ್ಥ ಕಲಿತೆ.

ಓಡಿಬಂದ ಬಸಲಿಂಗವ್ವ ಮೊದಲು ನೋಡಿದ್ದು ನನ್ನನ್ನು, ಗೋಡೆಯನ್ನಲ್ಲ. "ಪೆಟ್ಟಾತೇನವ್ವಾ? ಕಲ್ಲು ಹೋದ್ರ ಹೋಗ್ಲಿ, ನೀ ಉಳದ್ಯಲ್ಲ," ಎಂದು ನನ್ನ ಕೂದಲಿನ ಪುಡಿ ಕೊಡವಿದಳು. ಒಂದೇ ತುದಿಯ ಅಳತೆ ಉಳಿದಿದ್ದರಿಂದ ಅವಳು ಊಹೆ ಮಾಡಬೇಕಾಯಿತು. ಹೊರಗಿನ ನೆಲ ಪಡುವಣಕ್ಕೆ ಇಳಿಜಾರಾಗಿದೆ, ಅಲ್ಲೇ ಕೊರೆಯಿರಿ ಎಂದಳು. ಇಲ್ಲಿನ ಹದಿನಾಲ್ಕು ವರ್ಷದಲ್ಲಿ, ಭೂಮಿಯ ಲೆಕ್ಕಕ್ಕೆ ಇಪ್ಪತ್ತಾರು, ಮೂರು ಬಾವಿ ಕೊರೆದರು. ಮೂರೂ ಒಣ. ಅವಳು ಸತ್ತ ಮೇಲೂ ಊರು ಅವಳನ್ನೇ ಆಡಿಕೊಳ್ಳುತ್ತದೆ: "ಆ ಮುದುಕಿ ಮಾತು ಕೇಳಿ ಕೆಟ್ವಿ." ನಾನು ರೊಟ್ಟಿ ಮುರಿಯುತ್ತ ಕೇಳಿಸಿಕೊಂಡಿದ್ದೇನೆ. ಗೆರೆ ಮೂಡಣಕ್ಕೆ ತಗ್ಗಿದ್ದನ್ನು ಕಂಡವಳು ನಾನೊಬ್ಬಳೇ. ಬಾಯಿ ಬಿಟ್ಟರೆ, ನೀನು ಯಾವಾಗ ಕಂಡೆ ಎಂದು ಕೇಳುತ್ತಾರೆ.

ಯಂತ್ರಕ್ಕೆ ಈಗ ಕೊರೆಯುವ ಮೂತಿ ಉಳಿದಿರುವುದು ಒಂದೇ. ಇವತ್ತು ನಾಲ್ಕನೆಯ ಬಾವಿ ಶುರು, ಅದೂ ಪಡುವಣದಲ್ಲೇ. ಮುಂದೆ ನಿಂತು ಮಾಡಿಸುವವಳು ಮಲಪ್ರಭೆ. ಬೆಳಿಗ್ಗೆ ನನ್ನ ಲೋಟಕ್ಕೆ ತನ್ನ ಪಾಲಿನ ನೀರು ಸುರಿಯುತ್ತ ಕೇಳಿದಳು: "ಅಜ್ಜಿ, ಈ ಸಲ ಸಿಗತೈತಲ್ಲ?" ಸಿಗತೈತವ್ವ ಎಂದೆ.

ಇಲ್ಲಿಯವರೆಗೆ ಬರೆದದ್ದನ್ನು ಓದಿಕೊಂಡೆ. ನೂರು ವರ್ಷ ಮುಚ್ಚಿಡುವ ಕಾಗದದಲ್ಲಿ ನಿಜ ಹೇಳುವುದು ಯಾವ ಸೀಮೆಯ ಧೈರ್ಯ? ಊರಿಗೆ ನೀರೇ ಇಲ್ಲದಿದ್ದರೆ ನೀನು ಹುಟ್ಟುವುದಾದರೂ ಹೇಗೆ? ಅದಕ್ಕೇ ನಿನ್ನಲ್ಲಿ ಎರಡು ಕೋರಿಕೆ. ಯಾರಾದರೂ ಬಸಲಿಂಗವ್ವನ ಹೆಸರೆತ್ತಿ ಆಡಿಕೊಂಡರೆ ಈ ಪತ್ರ ತೋರಿಸು. ಇನ್ನು, ಇದು ನಿನ್ನ ಕೈ ಸೇರಿದಾಗ ಅಂಟು ಮೊದಲೇ ಒಡೆದಿದ್ದರೆ ಬೇಸರಪಡಬೇಡ. ಮಲಪ್ರಭೆ ಬಾಗಿಲ ಬಳಿ ಕೂತು ಬೂಟು ಕಟ್ಟಿಕೊಳ್ಳುತ್ತಿದ್ದಾಳೆ. ಅವಳು ಏಳುವ ಮುಂಚೆ ಈ ಕಾಗದವನ್ನು ಅವಳ ಕೈಗೆ ಕೊಡುತ್ತೇನೆ.

ಗೋಡೆ ಕಾಯಬೇಕಾಗಿದ್ದ ನಿನ್ನ ಅಜ್ಜಿ,
ಹುಲಿಗೆವ್ವ