ರವಿವಾರದ ತನಕ ಹಾಕದ ಬಾಗಿಲು

ಬ್ಯಾಡಗಿ
೧೨ ಮಾರ್ಚ್ ೨೦೨೫, ಬುಧವಾರ

ತಂಗಿ ನಿರ್ಮಲಾಗೆ ಅಕ್ಕ ರೇಣುಕವ್ವ ಮಾಡುವ ಆಶೀರ್ವಾದಗಳು.

ನಾವು ಇಲ್ಲಿ ಕ್ಷೇಮ. ನಿನ್ನ ಮಗಳು ಸುಶ್ಮಿತಾಳ ಮದುವೆ ಗೊತ್ತಾಯಿತೆಂದು ಕೇಳಿ ತಿಂಗಳಾಯಿತು. ಬರೆಯುವುದು ತಡವಾಯಿತು, ಸಿಟ್ಟಾಗಬೇಡ. ಫೋನ್ ಮಾಡಿದರೆ ನೀನು ‘ಹೂಂ’ ಅಂದು ಇಟ್ಟುಬಿಡುತ್ತೀ. ನೀನು ಬಂದು ತಿರುಗಿ ಹೋದ ದಿನ ನಾನು ಕದರಮಂಡಲಗಿ ಹನುಮಪ್ಪನ ಗುಡಿಗೆ ಹೋಗಿದ್ದೆ ಅಂತ ಎಷ್ಟು ಸಲ ಹೇಳಿದೆನೋ! ನನ್ನ ಸಾಲಿ ನಾಲ್ಕನೇ ಇಯತ್ತೆಗೇ ನಿಂತದ್ದು ನಿನಗೆ ಗೊತ್ತು. ತಪ್ಪಿದ್ದಲ್ಲಿ ತಿದ್ದಿಕೋ, ಆದರೆ ಪೂರ್ತಿ ಓದು.

ಅವ್ವ ಹೋದ ಮೇಲೆ ನಿನಗೆ ತವರು ಅಂತ ಇರುವುದು ನನ್ನ ಮನೆಯೊಂದೇ. ಸುಶ್ಮಿತಾ ಮದುವೆಗೆ ಮುಂಚೆ ಇಲ್ಲಿ ಉಂಡು, ಉಡಿ ತುಂಬಿಸಿಕೊಂಡು ಹೋಗಬೇಕು. ಹನ್ನೊಂದು ವರ್ಷದ ಮೇಲೆ ನೀವು ಬರುವಾಗ ತಲಬಾಗಿಲ ಹಳೇ ನೀಲಿ ಬಣ್ಣ ಸಿಪ್ಪೆ ಎದ್ದು ನಿಂತಿರಬಾರದು ಅಂತ ನಾನೇ ಕೆರೆಯಲು ಕುಳಿತೆ.

ಬಣ್ಣ ಬಿಡಿಸುವ ಔಷಧದಿಂದ ಕಣ್ಣು ಹೋದೀತೆಂದು ಹೆದರಿದೆ. ಹೊಸ್ತಿಲು ಕೆರೆದರೆ ಮದುವೆಗೆ ಕೆಡುಕಾದೀತೇನೋ ಅಂತಲೂ ಹೆದರಿದೆ. ನಮ್ಮ ಮನೆಯವರು, ಅದೇ ನಿಮ್ಮ ಮಾವ, “ಹೆದರೂದು ಮುಗದಿಂದ ಹೇಳು, ಚಾ ಕುಡಿಯೂಣು” ಅಂದರು. ಹೆದರುತ್ತಲೇ ನೀಲಿ ಕೆರೆದು, ಹೋದ ಸೋಮವಾರ ಹೊಸ ಹಸಿರು ಹಚ್ಚಿದೆ.

ಸೋಮವಾರ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಸುರಿಯುವ ದಿನ ಅನ್ನುವುದು ಈ ಚಿಂತೆಯಲ್ಲಿ ಮರೆತೇಹೋಗಿತ್ತು. ಸಂಜೆ ನೋಡಿದರೆ ಹಸಿ ಬಣ್ಣದ ಮೇಲೆಲ್ಲ ಗಾಳಿಗೆ ಹಾರಿಬಂದ ಕೆಂಪು ಪುಡಿ! ಬಾಗಿಲ ಹತ್ತಿರ ಬಂದವರಿಗೆಲ್ಲ ಸೀನು. ಬಡಿಗೇರ ಇಸಾಕಸಾಬ ಬಂದು ನೋಡಿ, “ಅಕ್ಕಾರ, ಬ್ಯಾಡಗ್ಯಾಗ ಇದ್ದು ಸುಗ್ಗ್ಯಾಗ ಬಣ್ಣಾ ಹಚ್ಚತಾರೇನ್ರಿ? ಬಾಗಲಕ್ಕ ಒಗ್ಗರಣಿ ಹಾಕೀರಲ್ರಿ!” ಅಂದ. ನಿಮ್ಮ ಮಾವ ಸೀನುತ್ತಲೇ ನಕ್ಕರು.

ಮತ್ತೆ ಕೆರೆದೆ, ಈ ಸಲ ಕಟ್ಟಿಗೆ ಕಾಣುವ ತನಕ. ಅಷ್ಟರಲ್ಲಿ ಕೈ ಪಳಗಿತ್ತು. ಪಾಲಿಶ್ ಪೇಪರ್ ಹೇಗೆ ಎಳೆಯಬೇಕೆಂದು ಈಗ ಇಸಾಕಸಾಬನಿಗೂ ಹೇಳಿಕೊಟ್ಟೇನು. ಇವತ್ತು ಮಾರುಕಟ್ಟೆಯ ಗದ್ದಲ ಇಲ್ಲ. ಅಂಗಳಕ್ಕೆ ನೀರು ಹೊಡೆದು ಹಚ್ಚಿ ಮುಗಿಸಿದೆ. ಬಾಗಿಲು ಕನ್ನಡಿಯ ಹಾಗೆ ಹೊಳೆಯುತ್ತಿದೆ, ನೀನೇ ಬಂದು ನೋಡು.

“ಐತಾರತನಕ ಬಾಗಲಾ ಹಾಕಬ್ಯಾಡ್ರಿ, ಚೌಕಟ್ಟಿಗೆ ಅಂಟತೈತಿ” ಅಂತ ಇಸಾಕಸಾಬ ಹೇಳಿ ಹೋಗಿದ್ದಾನೆ. ನನಗೆ ಕಳ್ಳರ ಭಯ. ನಿಮ್ಮ ಮಾವ ಅಡ್ಡ ಮಂಚ ಹಾಕಿಕೊಂಡು ಮಲಗುತ್ತಾರಂತೆ. ರವಿವಾರದೊಳಗೆ ಬಂದರೆ ನೀನು ಬಾಗಿಲು ಬಡಿಯುವ ಕೆಲಸವೇ ಇಲ್ಲ. ನಿಮ್ಮ ಗುತ್ತಲಕ್ಕೆ ಹೊರಟ ಪಕ್ಕದ ಮನೆಯ ಶೀಲಾಳ ಕೈಯಲ್ಲಿ ಈ ಪತ್ರ ಕಳಿಸಿದ್ದೇನೆ. ಸುಶ್ಮಿತಾ ನೂರು ವರ್ಷ ಸುಖವಾಗಿರಲಿ.

ನಿನ್ನ ಅಕ್ಕ
ರೇಣುಕವ್ವ

ತಾ.ಕ.: ಎರಡನೇ ಸಲ ಕೆರೆಯುವಾಗ ಬಾಗಿಲ ಕೊಂಡಿಯ ಕೆಳಗೆ ಕಟ್ಟಿಗೆಯಲ್ಲಿ ಒಂದು ತಗ್ಗು ಕಂಡಿತು. ಎಷ್ಟೋ ವರ್ಷ ಎಷ್ಟೋ ಜನ ಕೊಂಡಿ ಬಡಿದು ಬಿದ್ದ ತಗ್ಗು. ಇಸಾಕಸಾಬ ಪುಟ್ಟಿ ತುಂಬಲು ಬಂದ, ಬೇಡವೆಂದೆ. ಅವರೆಲ್ಲರಿಗೂ ಬಾಗಿಲು ತೆರೆದಿದ್ದೇನೆ. ಗಂಡನ ಕೈಲಿ ಹೊಡೆಸಿಕೊಂಡು ನೀನು ಮಗಳ ಕೈ ಹಿಡಿದುಕೊಂಡು ಬಂದ ಮಧ್ಯಾಹ್ನ ಮಾತ್ರ, ಓಣಿಯವರು ಏನೆಂದಾರೋ ಎಂದು ಹೆದರಿ ತೆರೆಯಲಿಲ್ಲ. ನಾನು ಕದರಮಂಡಲಗಿಗೆ ಹೋಗಿರಲಿಲ್ಲ, ನಿರ್ಮಲಾ. ಒಳಗೆ ಅಗಳಿ ಹಿಡಿದು ನಿಂತಿದ್ದೆ. ಹೊರಗೆ ಕೀಲಿ ಇಲ್ಲದ್ದನ್ನು ನೀನು ನೋಡಿದ್ದೆ. ಆದರೂ ಇಷ್ಟು ವರ್ಷ ಒಮ್ಮೆಯೂ ಕೇಳಲಿಲ್ಲ. ಬಂದಾಗ ಕೇಳು.